ಟ್ರಿಗ್ವಿಯ ಗುಂಡಿಯ ರೊಟ್ಟಿ

ಐಸ್‌ಲ್ಯಾಂಡಿನ ಹ್ವೇರಾಕೋಟ್ ಊರಿನಲ್ಲಿ ಅಂಚೆ ಗಾಡಿ ಓಡಿಸುವ ಟ್ರಿಗ್ವಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಮನೆ ಇತ್ತು, ಹೆಂಡತಿ ಸ್ವಾವಾ ಇದ್ದಳು, ಹಿತ್ತಲಲ್ಲಿ ಅಜ್ಜಿಯ ಕಾಲದ ರೊಟ್ಟಿ ಗುಂಡಿ ಇತ್ತು, ತುಟಿಯ ಮೇಲೆ ಊರೇ ಹೊಗಳುವ ದಪ್ಪ ಮೀಸೆ ಇತ್ತು. ಆದರೆ ಒಂದು ವರ್ಷ, ಒಂದೇ ಒಂದು ವರ್ಷ, ಥೋರಿ ಊಟದ ಪ್ರಹಸನದಲ್ಲಿ ತನ್ನ ಹೆಸರು ಬರಬಾರದು ಎಂಬುದು ಮಾತ್ರ ಈಡೇರದೆ ಉಳಿದಿತ್ತು.

ಚಳಿಗಾಲದ ನಟ್ಟನಡುವೆ ಥೋರಿ ತಿಂಗಳು ಬಂತೆಂದರೆ ಊರಿಗೆ ಊರೇ ಸಮುದಾಯ ಭವನದಲ್ಲಿ ಸೇರುತ್ತದೆ. ಬೇಯಿಸಿದ ಕುರಿತಲೆ, ಮೂಗು ಮುಚ್ಚಿಕೊಂಡು ತಿನ್ನಬೇಕಾದ ಶಾರ್ಕ್ ಮೀನು, ಅದನ್ನು ಗಂಟಲಿನಿಂದ ಕೆಳಗಿಳಿಸಲು ಬ್ರೆನ್ನಿವಿನ್ ಎಂಬ ಸಾರಾಯಿ. ಅದಾದ ಮೇಲೆ ಪ್ರಹಸನ. ಕಳೆದ ವರ್ಷ ಊರಲ್ಲಿ ಯಾರು ಯಾವ ಪೆದ್ದುತನ ಮಾಡಿದರು ಎಂಬುದನ್ನು ರಂಗದ ಮೇಲೆ ಆಡಿ ತೋರಿಸುವುದು, ಆ ಪೆದ್ದನನ್ನು ಮುಂದೆ ಕೂರಿಸಿಕೊಂಡೇ ನಗುವುದು. ಹಿಂದೆ ಶಾಲೆಯಲ್ಲಿ ಮೇಡಂ ಆಗಿದ್ದ ಹಾಲ್ದೋರಾ ಈ ಪ್ರಹಸನದ ಸೂತ್ರಧಾರಿಣಿ. ಅವಳ ಕಣ್ಣಿಗೆ ಬೀಳದೆ ಆ ಊರಲ್ಲಿ ಎಡವಿ ಬೀಳಲು ಸಾಧ್ಯವಿರಲಿಲ್ಲ.

ಟ್ರಿಗ್ವಿಯ ಪಾತ್ರವನ್ನು ಅವಳು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ವರ್ಷ ಅವನು ಈಜುಕೊಳದಿಂದ ಮೇಯರ್ ಕೋಲ್ಬೇನನ ಪ್ಯಾಂಟು ಹಾಕಿಕೊಂಡು ಮನೆಗೆ ಬಂದಿದ್ದ, ಮೇಯರ್ ಟವೆಲ್ ಸುತ್ತಿಕೊಂಡೇ ಪಂಚಾಯಿತಿ ಸಭೆ ನಡೆಸಿದ್ದ. ಇನ್ನೊಂದು ವರ್ಷ ಯಾರದೋ ಶವಸಂಸ್ಕಾರಕ್ಕೆ ಹೋಗಬೇಕಾದವನು ಇನ್ಯಾರದೋ ಶವಸಂಸ್ಕಾರಕ್ಕೆ ಹೋಗಿ, ಬಿಕ್ಕಿ ಬಿಕ್ಕಿ ಅತ್ತು, ಕೇಕು ತಿಂದು, ಕಂಡೇ ಇರದ ಆ ಪುಣ್ಯಾತ್ಮನ ಗುಣಗಾನ ಮಾಡಿ ಬಂದಿದ್ದ. ಸತ್ತವನ ಮನೆಯವರು ಇವತ್ತಿಗೂ ಕ್ರಿಸ್ಮಸ್ಸಿಗೆ ಅವನಿಗೆ ಶುಭಾಶಯ ಕಳಿಸುತ್ತಾರೆ. ಇವನ್ನೆಲ್ಲ ಹಾಲ್ದೋರಾ ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡು, ಹುರಿಹಗ್ಗದ ಮೀಸೆ ಅಂಟಿಸಿಕೊಂಡು ಆಡುವಾಗ ಭವನದ ಗೋಡೆ ಅಲುಗುತ್ತಿತ್ತು. ಟ್ರಿಗ್ವಿ ಮಾತ್ರ ಕುರಿತಲೆಯ ಮುಖ ನೋಡುತ್ತ ಕೂತಿರುತ್ತಿದ್ದ. ಇಬ್ಬರ ಮುಖದಲ್ಲೂ ಒಂದೇ ಕಳೆ.

ಹೀಗಿರುವಾಗ ಅವನ ಗ್ರಹಗತಿ ಬದಲಾಯಿತು. ಬೇಸಿಗೆಯಲ್ಲಿ ರಾಜಧಾನಿಯಿಂದ ಇಡುನ್ ಎಂಬ ವಿಜ್ಞಾನಿ ಬಂದು ಅವನ ರೊಟ್ಟಿ ಗುಂಡಿಯ ಮಣ್ಣನ್ನು ಸಣ್ಣ ಸೀಸೆಗಳಲ್ಲಿ ತುಂಬಿಕೊಂಡು ಹೋಗಿದ್ದಳು. ಆ ಊರಿನ ನೆಲದೊಳಗೆ ಬೆಂಕಿಯೇ ಮಲಗಿದೆ. ಹಿಟ್ಟು ಕಲಸಿ, ಪಾತ್ರೆಗೆ ತುಂಬಿ, ಹಿತ್ತಲಲ್ಲಿ ಹೂತು ಬಂದರೆ ಮಾರನೆಯ ದಿನಕ್ಕೆ ಕಪ್ಪು ರೊಟ್ಟಿ ತಯಾರು. ಆರೋಗ್ಯ ಇಲಾಖೆಯವರು ಗುಂಡಿಗೆ ಬೀಗ ಹಾಕಲು ಬಂದಿದ್ದಾರೆಂದು ಆಗ ಟ್ರಿಗ್ವಿ ಹೆದರಿದ್ದ. ಶರತ್ಕಾಲದಲ್ಲಿ ಇಡುನ್ ಮತ್ತೆ ಬಂದಳು. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಟ್ರಿಗ್ವಿ, ಮೇಯರ್, ಹಾಲ್ದೋರಾ ಕುತ್ತಿಗೆವರೆಗೆ ಮುಳುಗಿ ಕೂತಿದ್ದಾಗ ಅವಳೂ ಬಂದು ಇಳಿದಳು.

"ಟ್ರಿಗ್ವಿ, ನಿನ್ನ ಗುಂಡೀಲಿ ಏನು ಸಿಕ್ತು ಗೊತ್ತಾ?"

"ಚಮಚಾನಾ? ಸ್ವಾವಾ ಒಂದು ಕಳ್ಕೊಂಡಿದ್ಲು."

"ಬ್ಯಾಕ್ಟೀರಿಯಾ! ಬೇರೆ ಯಾವ ಜೀವ ಆದ್ರೂ ಆ ಕಾವಿಗೆ ಬೆಂದೇ ಹೋಗತ್ತೆ. ಇವು ಅಲ್ಲಿ ಹಾಯಾಗಿ ಸಂಸಾರ ಮಾಡ್ಕೊಂಡಿವೆ. ಸಕ್ಕರೆ ಕೊಟ್ರೆ ತಿಂದು ತಿಂದು, ನಾವು ಹೊಟ್ಟೆ ಸುತ್ತ ಕೊಬ್ಬು ಕೂಡಿಸ್ತೀವಲ್ಲ, ಹಾಗೆ ಒಳಗೆ ಪ್ಲಾಸ್ಟಿಕ್ ಕೂಡಿಟ್ಕೊಳ್ತವೆ."

ಎಲ್ಲರೂ ಮೇಯರ್ ಹೊಟ್ಟೆಯ ಕಡೆ ನೋಡಿದರು. ಮೇಯರ್ ನೀರಿನಲ್ಲಿ ಇನ್ನಷ್ಟು ಮುಳುಗಿದ.

"ಈ ಪ್ಲಾಸ್ಟಿಕ್ ನೂರಾರು ವರ್ಷ ಸಮುದ್ರದಲ್ಲಿ ತೇಲ್ಕೊಂಡು ಮೀನಿನ ಗಂಟಲಿಗೆ ಸಿಕ್ಕಲ್ಲ. ಮಣ್ಣಲ್ಲಿ ಹೂತ್ರೆ ಬ್ಯಾಕ್ಟೀರಿಯಾನೇ ತಿಂದು ಮುಗಿಸ್ತವೆ. ಗುರುತೂ ಉಳಿಯಲ್ಲ."

"ಎಷ್ಟು ದಿನಕ್ಕೆ?" ಎಂದ ಮೇಯರ್.

"ಮಾಮೂಲಿ ಮಣ್ಣಲ್ಲಿ ಒಂದು ವರ್ಷ ಆಗಬಹುದು. ಬಿಸಿ ಮಣ್ಣಲ್ಲಿ ಇನ್ನೂ ನೋಡಿಲ್ಲ."

ಟ್ರಿಗ್ವಿ ಮೀಸೆಯ ನೀರು ಹಿಂಡಿದ. "ಅಂದ್ರೆ ಅವು ನನ್ನ ಬ್ಯಾಕ್ಟೀರಿಯಾ."

"ನಿನ್ನ ಮಣ್ಣಲ್ಲಿ ಸಿಕ್ಕಿದ್ದು ನಿಜ," ಎಂದಳು ಇಡುನ್, ಸೌಜನ್ಯಕ್ಕೆ.

ಸೌಜನ್ಯ ಎಂಬುದು ಎಷ್ಟು ಅಪಾಯಕಾರಿ ಎಂದು ವಿಜ್ಞಾನಿಗಳಿಗೆ ಯಾರೂ ಕಲಿಸುವುದಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಊರ ಗಾಳಿಗೆ ಕೊಡೆ ನಿಲ್ಲುವುದಿಲ್ಲವಾದ್ದರಿಂದ ಟ್ರಿಗ್ವಿ ಗುಂಡಿಯ ಸುತ್ತ ಬೇಲಿ ಹಾಕಿಸಿದ. ಬ್ಯಾಕ್ಟೀರಿಯಾಗಳನ್ನು 'ನಮ್ಮ ಹುಡುಗರು' ಎಂದು ಕರೆಯತೊಡಗಿದ. ಗುಂಡಿಯ ಹತ್ತಿರ ಕಾಲು ಒದರಿ ಹಿಮ ಕೊಡವಬೇಡ, ಹುಡುಗರಿಗೆ ತೊಂದರೆಯಾಗುತ್ತದೆ ಎಂದು ಹೆಂಡತಿಗೆ ಹೇಳಿದ.

"ನಿನ್ನ ಹುಡುಗರು ಅಷ್ಟು ಬುದ್ಧಿವಂತರಾದ್ರೆ ಅಂಗಳದ ಹಿಮಾನೂ ಅವರೇ ಎತ್ತಲಿ," ಎಂದಳು ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಸ್ವಾವಾ.

ಅಂಚೆ ಗಾಡಿಯವನ ಬಾಯಿಗೆ ಬಿದ್ದ ಸುದ್ದಿಗೆ ರೆಕ್ಕೆ ಬೇರೆ ಬೇಕೇ? ಪ್ರತಿ ಬಾಗಿಲಲ್ಲೂ ನಿಂತು ಟ್ರಿಗ್ವಿ ವಿವರಿಸಿದ: ನಮ್ಮ ಹುಡುಗರು ಮಾಡೋ ಪ್ಲಾಸ್ಟಿಕ್ ಇದೆಯಲ್ಲ, ಮಣ್ಣಲ್ಲಿ ಹೂತ್ರೆ ಮಾಯ! ವಿದ್ಯುತ್ ಬಿಲ್ಲು ತೆಗೆದುಕೊಳ್ಳಲು ಬಂದವರು ಕೂಡ ಅದನ್ನು ಬಾಯಿಪಾಠ ಮಾಡಿಕೊಂಡರು. ಮೇಯರ್ ಕೋಲ್ಬೇನ್ ಊರ ಹೆಬ್ಬಾಗಿಲಲ್ಲಿ 'ಪ್ಲಾಸ್ಟಿಕ್ ಕರಗುವ ಊರಿಗೆ ಸ್ವಾಗತ' ಎಂಬ ಫಲಕ ನಿಲ್ಲಿಸಿದ. ಇಲ್ಲೇ ಒಂದು ಕಾರ್ಖಾನೆ ಕಟ್ಟಿಸಿಕೊಡಿ ಎಂದು ಸರ್ಕಾರಕ್ಕೆ ಬರೆದ. ಪರಿಸರ ಮಂತ್ರಿ ಹೆರ್ದಿಸ್ ತಾನೇ ಬಂದು ನೋಡುತ್ತೇನೆ, ಅದೂ ಥೋರಿ ಊಟದ ದಿನವೇ ಬರುತ್ತೇನೆ ಎಂದಳು.

ಆ ದಿನ ಹಾಲ್ದೋರಾಳ ಮನೆಗೆ ಅಂಚೆ ಕೊಡಲು ಹೋದ ಟ್ರಿಗ್ವಿಯ ನಡಿಗೆಯಲ್ಲಿ ಜನರಲ್ ಒಬ್ಬನ ಗತ್ತಿತ್ತು.

"ಏನಮ್ಮಾ ಹಾಲ್ದೋರಾ, ಈ ವರ್ಷ ಏನು ಆಡ್ತೀಯ? ಸರಕೇ ಇಲ್ಲವಲ್ಲ ನಿನ್ ಹತ್ರ!"

"ವರ್ಷ ಇನ್ನೂ ಮುಗಿದಿಲ್ಲ ಕಣೋ."

"ಈ ಸಲ ಆ ರಂಗದ ಮೇಲೆ ನನ್ನ ಹೆಸರು ಬಂದ್ರೆ ಅರ್ಧ ಮೀಸೆ ಬೋಳಿಸ್ಕೊಳ್ತೀನಿ!"

ಹಾಲ್ದೋರಾ ಆ ಮೀಸೆಯನ್ನು ಕಟುಕ ಕುರಿಯನ್ನು ನೋಡುವಂತೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡಳು.

ಕ್ರಿಸ್ಮಸ್ ಮುಗಿಯುತ್ತಿದ್ದಂತೆ ಇಡುನ್ ಒಂದು ಪೊಟ್ಟಣ ಕಳಿಸಿದಳು. ಅದೇ ಬ್ಯಾಕ್ಟೀರಿಯಾದ ಪ್ಲಾಸ್ಟಿಕ್‌ನಲ್ಲಿ ಮಾಡಿದ, ಮುಚ್ಚಳವಿರುವ ಬಿಳಿಯ ಪೆಟ್ಟಿಗೆಗಳು. 'ನೆನಪಿಗೆ ಇರಲಿ, ಅಡುಗೆಮನೆಯಲ್ಲಿ ಬೆಣ್ಣೆ ಇಟ್ಟುಕೊಳ್ಳಿ' ಎಂದು ಮೇಲೆ ಬರೆದಿದ್ದಳು.

"ಬೆಣ್ಣೆಯಂತೆ!" ಎಂದು ಟ್ರಿಗ್ವಿ ನಕ್ಕ. "ನಮ್ಮ ಹುಡುಗರ ಪೆಟ್ಟಿಗೆ, ನಮ್ಮ ಹುಡುಗರ ಮಣ್ಣು, ನಮ್ಮ ಅಜ್ಜಿ ರೊಟ್ಟಿ. ಮಂತ್ರಿಗೆ ಇದರಲ್ಲೇ ರೊಟ್ಟಿ ಬೇಯಿಸಿ ಕೊಟ್ರೆ ಹೇಗೆ?"

ಮೇಯರ್ ಮೇಜು ಕುಟ್ಟಿ ಭೇಷ್ ಎಂದ. ಪಂಚಾಯಿತಿ ಸದಸ್ಯರು ಒಮ್ಮತದಿಂದ ಕೈ ಎತ್ತಿದರು. ಈ ವರ್ಷ ಊರಲ್ಲಿ ಇನ್ಯಾರೂ ಥೋರಿ ಊಟಕ್ಕೆ ರೊಟ್ಟಿ ಹೂಳಬಾರದು, ಎಲ್ಲ ರೊಟ್ಟಿ ಟ್ರಿಗ್ವಿಯದೇ ಎಂದು ತೀರ್ಮಾನವಾಯಿತು. ಹೂತರೆ ಮಾಯವಾಗುತ್ತದೆ ಎಂದು ಊರಿಗೆಲ್ಲ ಬಾಯಿಪಾಠವಾಗಿತ್ತು. ಆ ಪೆಟ್ಟಿಗೆಯನ್ನು ಈಗ ಹೂಳಲು ಹೊರಟಿದ್ದಾರೆ ಎಂಬುದೂ ಊರಿಗೆಲ್ಲ ಗೊತ್ತಿತ್ತು. ಎರಡೂ ವಿಷಯ ಒಂದೇ ತಲೆಯಲ್ಲಿ ಅಕ್ಕಪಕ್ಕ ಕೂತಿದ್ದರೂ ಒಂದನ್ನೊಂದು ಮಾತಾಡಿಸಲಿಲ್ಲ. ಅಷ್ಟು ಸಭ್ಯರ ಊರು ಅದು.

ಅಜ್ಜಿಯ ಕಾಲದಿಂದ ಇನ್ನೊಂದು ಕಟ್ಟಳೆ ಇತ್ತು. ಹೊಸ ಪಾತ್ರೆಯಲ್ಲಿ ನೇರವಾಗಿ ರೊಟ್ಟಿ ಬೇಯಿಸುವಂತಿಲ್ಲ. ಒಳಗೆ ಬೆಣ್ಣೆ ಸವರಿ, ಮೂರು ವಾರ ಬರಿದಾಗಿ ಬಿಸಿ ಮಣ್ಣಿನಲ್ಲಿ ಹೂತಿಡಬೇಕು. ಪಾತ್ರೆಗೆ ಮಣ್ಣಿನ ಪರಿಚಯವಾದರೇನೇ ರೊಟ್ಟಿಗೆ ರುಚಿ. ಟ್ರಿಗ್ವಿ ಕಟ್ಟಳೆ ಮೀರುವವನಲ್ಲ. ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಹೂತ, ಹೂತಲ್ಲೇ ಬಿಟ್ಟ. ಆ ಮೂರು ವಾರದಲ್ಲಿ ಪೆಟ್ಟಿಗೆಗೂ ಮಣ್ಣಿಗೂ ಆದ ಪರಿಚಯ ಎಂಥದ್ದೆಂದು ಅವನಿಗೆ ಕಾಣುವಂತಿರಲಿಲ್ಲ.

ಥೋರಿ ಊಟದ ಹಿಂದಿನ ದಿನ ಮಧ್ಯಾಹ್ನ ಅವನೂ ಮೇಯರೂ ಗುಂಡಿಯ ಮುಂದೆ ಮಂಡಿಯೂರಿದರು. ಪೆಟ್ಟಿಗೆ ಹೊರತೆಗೆಯಬಾರದು, ಮೇಲಿನ ಮಣ್ಣು ಸರಿಸಿ ಇದ್ದಲ್ಲೇ ಹಿಟ್ಟು ಸುರಿಯಬೇಕು. ಏಳುವ ಹಬೆಗೆ ಟ್ರಿಗ್ವಿಯ ಕನ್ನಡಕ ಮಂಜಾಯಿತು. ಮುಚ್ಚಳ ಮುಟ್ಟಿ ನೋಡಿದ. ಬೆರಳಿಗೆ ಮೆತ್ತಗೆ ಹತ್ತಿತು.

"ಹದ ಬಂದಿದೆ!" ಎಂದ.

ಮೊದಲ ಪೆಟ್ಟಿಗೆಗೆ ಹಿಟ್ಟು ಸುರಿದ. ಅದು ತುಂಬಲಿಲ್ಲ. ಇನ್ನೊಂದು ಪಾತ್ರೆ ಸುರಿದ. ಆಗಲೂ ತುಂಬಲಿಲ್ಲ.

"ಏನೋ ಇದು, ಎಷ್ಟು ಹಿಡಿಯತ್ತೆ?" ಎಂದ ಮೇಯರ್.

"ಬೆಳೆದಿವೆ ಕೋಲ್ಬೇನ್! ಬಿಸಿಗೆ ಹಿಗ್ಗಿವೆ! ಸ್ವಾವಾ, ಇನ್ನಷ್ಟು ಹಿಟ್ಟು ಕಲಸು!"

ಸ್ವಾವಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ಇದು ಮೂರನೇ ಸಲ ಕಲಸ್ತಿರೋದು! ಅದೇನು ಪೆಟ್ಟಿಗೇನೋ ಬಾವಿನೋ?"

"ಮಂತ್ರಿ ಬರ್ತಾರೆ ಅಂತ ಪೆಟ್ಟಿಗೆಗೂ ಹುರುಪು ಕಣೇ!"

ಊರ ಅಂಗಡಿಯಲ್ಲಿದ್ದ ಹಿಟ್ಟೆಲ್ಲ ಆ ಗುಂಡಿಗೆ ಇಳಿಯಿತು, ಕಾಕಂಬಿಯ ಡಬ್ಬಗಳೂ ಖಾಲಿಯಾದವು. ಕೊನೆಗೂ ಅದು ತುಂಬಿತೆಂದು ಹೇಳಲಾಗದು, ಇವರ ಹಿಟ್ಟು ಮುಗಿಯಿತು ಅಷ್ಟೆ. ಟ್ರಿಗ್ವಿ ಮಣ್ಣು ಮುಚ್ಚಿ ಪ್ರೀತಿಯಿಂದ ಎರಡು ತಟ್ಟು ತಟ್ಟಿದ.

ಮಾರನೆಯ ದಿನ ಬೆಳಕು ಹರಿದಾಗ ಇಡೀ ಊರು ಬೇಲಿಯ ಸುತ್ತ ನಿಂತಿತ್ತು. ಬಿಸಿ ರೊಟ್ಟಿಗೆ ಅಲ್ಲೇ ಸವರಿ ತಿನ್ನಬೇಕೆಂದು ಪ್ರತಿಯೊಬ್ಬರ ಕೈಯಲ್ಲೂ ಬೆಣ್ಣೆ, ಚಾಕು. ಮಂತ್ರಿ ಹೆರ್ದಿಸ್ ಮತ್ತು ಇಡುನ್ ಒಂದೇ ಕಾರಿನಲ್ಲಿ ಬಂದಿಳಿದರು. ಹಾಲ್ದೋರಾ ಎಲ್ಲರಿಗಿಂತ ಮುಂದೆ, ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಟ್ರಿಗ್ವಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಸಲಿಕೆಯನ್ನು ಎಡಗೈಯಲ್ಲಿ ಹಿಡಿದು ಮೊದಲ ಮಣ್ಣು ಎತ್ತಿದ. ಹಬೆ ಬಂತು, ಕಾಕಂಬಿಯ ಘಮ ಬಂತು, ಜನ ಆಹಾ ಎಂದರು. ಎರಡನೆಯ ಮಣ್ಣು ಎತ್ತಿದ, ಆಮೇಲೆ ಮೂರನೆಯದು. ಮತ್ತೆ ಬಂದದ್ದು ಘಮವೇ ಹೊರತು ರೊಟ್ಟಿಯಲ್ಲ.

"ಸ್ವಲ್ಪ ಕೆಳಗೆ ಇಳಿದಿರಬೇಕು," ಎಂದ.

ಮೇಯರ್ ಕೋಟು ಬಿಚ್ಚಿ ಇನ್ನೊಂದು ಸಲಿಕೆ ಹಿಡಿದ. ಪಂಚಾಯಿತಿ ಸದಸ್ಯರೂ ಇಳಿದರು. ಹುಡುಗರಿಗೆ ತೊಂದರೆಯಾಗದಿರಲೆಂದು ಹಾಕಿದ್ದ ಬೇಲಿ ಮುರಿದುಬಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ಇವರಿಗೆ ಇಲಿಯ ಬಾಲವೂ ಸಿಗಲಿಲ್ಲ. ಸಿಕ್ಕಿದ್ದು ಸಿಹಿಯಾದ, ಬಿಸಿಯಾದ, ಕಂದು ಬಣ್ಣದ ಕೆಸರು. ಮೇಯರ್ ಒಂದು ಬೆರಳು ಅದ್ದಿ ನೆಕ್ಕಿ ನೋಡಿದ. ಅರ್ಧ ರೊಟ್ಟಿ, ಅರ್ಧ ಐಸ್‌ಲ್ಯಾಂಡ್.

ಇಡುನ್ ಮುಂದೆ ಬಂದಳು. "ಏನು ಹುಡುಕ್ತಿದ್ದೀರಿ?"

"ಪೆಟ್ಟಿಗೆ," ಎಂದ ಟ್ರಿಗ್ವಿ. ಅವನ ದನಿ ಗುಂಡಿಯ ತಳದಿಂದ ಬಂತು, ಅವನೂ ಅಲ್ಲೇ ಇದ್ದ.

"ಯಾವ ಪೆಟ್ಟಿಗೆ? ನಾನು ಬೆಣ್ಣೆಗೆ ಕಳಿಸಿದ್ದಾ? ಅದನ್ನ ಇಲ್ಲಿ ಹೂತಿದ್ದೀಯಾ? ಯಾವಾಗ?"

"ಮೂರು ವಾರ ಆಯ್ತು. ಮಣ್ಣಿನ ಪರಿಚಯ ಆಗ್ಲಿ ಅಂತ."

ಇಡುನ್ ಒಳ್ಳೆಯ ಉಡುಪಿನಲ್ಲೇ ಗುಂಡಿಗೆ ಧುಮುಕಿದಳು. ಎರಡೂ ಕೈಯಿಂದ ಕೆಸರು ಜಾಲಾಡಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಚೂರು ಅವಳ ಬೆರಳಿಗೆ ಸಿಕ್ಕಿತು, ಎತ್ತಿ ಹಿಡಿಯುವಷ್ಟರಲ್ಲಿ ಅದೂ ಹರಿದು ಕೆಳಗೆ ಬಿತ್ತು. ಅವಳು ಕಿರುಚಿದಳು.

"ಮೂರೇ ವಾರ! ಒಂದು ವರ್ಷ ಅಂದ್ಕೊಂಡಿದ್ದೆ! ಮೂರೇ ವಾರಕ್ಕೆ ಪೂರ್ತಿ ತಿಂದುಬಿಟ್ಟಿವೆ!" ಎಂದು ಟ್ರಿಗ್ವಿಯ ಕೆಸರು ಮೆತ್ತಿದ ಕೆನ್ನೆಗೆ ಮುತ್ತಿಟ್ಟಳು.

ರಾಜಕಾರಣಿ ಎಂದರೆ ಬೀಳುವಾಗಲೂ ನೆಲ ಆರಿಸಿಕೊಂಡು ಬೀಳುವವನು. ಕೋಲ್ಬೇನ್ ಕೆಸರಿನಿಂದ ಮೇಲೆದ್ದು ಮಂತ್ರಿಯ ಕಡೆ ತಿರುಗಿದ.

"ಹೆರ್ದಿಸ್, ಇದನ್ನ ತೋರಿಸೋಕೇ ನಿಮ್ಮನ್ನ ಕರೆಸಿದ್ದು. ಪೆಟ್ಟಿಗೆ ಹೂತ್ವಿ. ಈಗ ಪೆಟ್ಟಿಗೆ ಇದೆಯಾ? ಇಲ್ಲ! ಪ್ರಯೋಗ ಯಶಸ್ವಿ!"

"ಅದ್ಭುತ," ಎಂದಳು ಮಂತ್ರಿ. "ಆದ್ರೆ ಎಲ್ಲರ ಕೈಲೂ ಬೆಣ್ಣೆ ಯಾಕಿದೆ?"

ಊರು ಉಸಿರು ಬಿಗಿಹಿಡಿಯಿತು.

"ಅದು ನಮ್ಮೂರ ಸಂಪ್ರದಾಯ," ಎಂದ ಮೇಯರ್. "ದೊಡ್ಡ ಪ್ರಯೋಗ ನೋಡುವಾಗ ಬೆಣ್ಣೆ ಹಿಡಿದು ನಿಲ್ಲೋದು. ಹಿರಿಯರ ಕಾಲದಿಂದ ಬಂದದ್ದು."

ಮಂತ್ರಿ ಗೌರವದಿಂದ ಪಕ್ಕದವರ ಹತ್ತಿರ ಒಂದು ತುಂಡು ಬೆಣ್ಣೆ ಕೇಳಿ ಪಡೆದು, ಅಂಗೈಯಲ್ಲಿಟ್ಟುಕೊಂಡು ಒಂದು ನಿಮಿಷ ಮೌನವಾಗಿ ನಿಂತಳು.

ಆ ಮಧ್ಯಾಹ್ನ ಭವನದ ಹಿಂದೆ ಮೇಯರ್ ಹಾಲ್ದೋರಾಳನ್ನು ಅಡ್ಡಗಟ್ಟಿದ. "ನೋಡು, ಇವತ್ತಿನ ಸುದ್ದಿ ಪ್ರಹಸನದಲ್ಲಿ ಬರಕೂಡದು. ರೊಟ್ಟಿ ವಿಷಯ ಮಂತ್ರಿಗೆ ಗೊತ್ತಾದ್ರೆ ಕಾರ್ಖಾನೆ ಕೈ ತಪ್ಪತ್ತೆ. ಟ್ರಿಗ್ವಿ ಹೆಸರನ್ನೇ ಎತ್ತಬೇಡ."

"ದೇವರು ತಟ್ಟೇಲಿಟ್ಟು ಕೊಟ್ಟಿದ್ದನ್ನ ತಿನ್ನಬೇಡ ಅಂತೀಯಾ?"

"ಊರಿಗೋಸ್ಕರ."

ಹಾಲ್ದೋರಾ ಕಣ್ಣು ಒರೆಸಿಕೊಂಡಳು. ಗಂಡ ತೀರಿಕೊಂಡಾಗಲೂ ಅವಳು ಅಷ್ಟು ನೊಂದದ್ದನ್ನು ಯಾರೂ ನೋಡಿರಲಿಲ್ಲ.

ಸಂಜೆ ಭವನ ಕಿಕ್ಕಿರಿದಿತ್ತು. ಊರಲ್ಲಿ ಕಪ್ಪು ರೊಟ್ಟಿ ಒಂದು ಚೂರೂ ಇರಲಿಲ್ಲವಾದ್ದರಿಂದ ಪೆಟ್ರೋಲ್ ಬಂಕಿನಿಂದ ಬಿಳಿ ಬ್ರೆಡ್ ತರಿಸಿದ್ದರು. ಅದು ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತು. ಮಂತ್ರಿ ಮೇಲಿನ ಮೇಜಿನಲ್ಲಿ ಕೂತು ಶಾರ್ಕ್ ತುಂಡನ್ನು ಅಗಿಯದೇ ನುಂಗಿದಳು. ಪ್ರಹಸನ ಶುರುವಾಯಿತು. ಪಾದ್ರಿಯ ಟಗರು ಚರ್ಚಿನೊಳಗೆ ನುಗ್ಗಿದ್ದು ಬಂತು. ಮೇಯರ್ ತನ್ನ ಹೊಸ ಫಲಕಕ್ಕೆ ತಾನೇ ಕಾರು ಗುದ್ದಿದ್ದು ಬಂತು. ಜನ ನಕ್ಕರು. ಪರದೆ ಬಿತ್ತು, ಮುಗಿಯಿತು.

ಟ್ರಿಗ್ವಿ ಕೂತೇ ಇದ್ದ. ಪರದೆ ಮತ್ತೆ ಏಳುತ್ತದೆಂದು ಕಾದ, ಏಳಲಿಲ್ಲ. ತಟ್ಟೆಯ ಕುರಿತಲೆ ಒಂದು ಕಡೆಯಿಂದ ತಣ್ಣಗಾಗುತ್ತಿತ್ತು.

"ಸಿಕ್ತಲ್ಲ ನಿನಗೆ ಬೇಕಾಗಿದ್ದು," ಎಂದಳು ಸ್ವಾವಾ.

"ಹೂಂ."

"ಮತ್ತೆ ಮುಖ ಯಾಕೆ ಹೀಗಿದೆ?"

"ಏನಿಲ್ಲ. ಈ ರಂಗದ ಮೇಲೆ ಹೆಸರು ಬರದೇ ಇರೋರು ಯಾರು ಹೇಳು? ಊರು ಬಿಟ್ಟೋರು. ಇಲ್ಲಾ ಸತ್ತೋರು."

ಸ್ವಾವಾ ಗಂಡನನ್ನು ನೋಡಿದಳು. ಪ್ಯಾಂಟಿನ ವರ್ಷವೂ ಅವಳು ಪಕ್ಕದಲ್ಲೇ ಕೂತು ತಲೆ ತಗ್ಗಿಸಿದ್ದಳು, ಶವಸಂಸ್ಕಾರದ ವರ್ಷವೂ. ಆದರೆ ಅವನ ಮುಖ ಇಷ್ಟು ಬರಿದಾದದ್ದನ್ನು ಕಂಡಿರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಏ ಹಾಲ್ದೋರಾ! ಎಲ್ಲಿ ನನ್ನ ಗಂಡ?"

ಭವನದ ತಲೆಗಳೆಲ್ಲ ಅವಳ ಕಡೆ ತಿರುಗಿದವು.

"ಇಷ್ಟು ವರ್ಷ ಅವನನ್ನ ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೀರಿ. ಈ ವರ್ಷ ಅವನೇನು ಕಮ್ಮಿ ಮಾಡಿದಾನೆ? ಕರಗೋ ಪೆಟ್ಟಿಗೇಲಿ ಊರಿಗೆಲ್ಲ ರೊಟ್ಟಿ ಹೂತಿದಾನೆ! ಮೂರು ಸಲ ಹಿಟ್ಟು ಕಲಸಿದೀನಿ ನಾನು, ರಟ್ಟೆ ಬಿದ್ದುಹೋಗಿದೆ! ಅದಕ್ಕೆ ಒಂದು ನಗು ಇಲ್ವಾ ಈ ಊರಲ್ಲಿ?"

ಮೇಯರ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಮಂತ್ರಿ ಅವನ ಕಡೆ ತಿರುಗಿ, "ರೊಟ್ಟಿನಾ? ಯಾವ ರೊಟ್ಟಿ?" ಎಂದಳು.

ಅಷ್ಟು ಸಾಕಾಯಿತು. ಪರದೆ ಸರ್ರನೆ ಮೇಲೆದ್ದಿತು. ಹಾಲ್ದೋರಾ ನಿಂತಿದ್ದಳು, ಕಿವಿ ಮುಚ್ಚುವಂತೆ ಟೋಪಿ, ಹುರಿಹಗ್ಗದ ಮೀಸೆ, ಕೈಯಲ್ಲಿ ಸಲಿಕೆ. ಎಲ್ಲ ಸಿದ್ಧ ಮಾಡಿಕೊಂಡೇ ಪರದೆಯ ಹಿಂದೆ ಕೂತು ಅಳುತ್ತಿದ್ದಳಂತೆ. "ಹದ ಬಂದಿದೆ!" ಎಂದು ಕೂಗಿ ಒಂದು ಬಕೆಟ್ ಗಂಜಿಯನ್ನು ತಳವಿಲ್ಲದ ಡಬ್ಬಕ್ಕೆ ಸುರಿದಳು. ಗಂಜಿ ಹರಿದು ಮೊದಲ ಸಾಲಿನ ಬೂಟುಗಳವರೆಗೆ ಬಂತು. "ಬೆಳೆದಿವೆ ಕೋಲ್ಬೇನ್, ಬೆಳೆದಿವೆ!" ಭವನ ಬಿದ್ದು ಬಿದ್ದು ನಕ್ಕಿತು. ಪಂಚಾಯಿತಿ ಸದಸ್ಯರು ತಾವಾಗಿಯೇ ರಂಗ ಹತ್ತಿ ಬೆಣ್ಣೆ ಹಿಡಿದು ಸಾಲಾಗಿ ನಿಂತರು. ಆ ಸಾಲು ನೋಡಿದ್ದೇ ತಡ, ಮಂತ್ರಿ ಮೇಜಿನ ಮೇಲೆ ತಲೆಯಿಟ್ಟು ಹೆಗಲು ಕುಣಿಸುತ್ತ ನಗತೊಡಗಿದಳು.

"ತಪ್ಪು!" ಎಂದು ಹಿಂದಿನಿಂದ ಒಂದು ದನಿ ಬಂತು. ಟ್ರಿಗ್ವಿ ಎದ್ದು ನಿಂತಿದ್ದ. "ಸಲಿಕೆ ಎಡಗೈಲಿ ಇತ್ತು! ಟೋಪಿ ತೆಗೆದು ಎದೆಗೆ ಹಿಡ್ಕೊಂಡಿದ್ದೆ! ಏನಮ್ಮಾ ನೀನು, ಮುಂದೇನೇ ಕೂತಿದ್ದೆಯಲ್ಲ?" ಎನ್ನುತ್ತ ಮೇಜುಗಳ ನಡುವೆ ನುಗ್ಗಿ ರಂಗ ಹತ್ತಿದ. ಗಂಜಿಯಲ್ಲಿ ಜಾರಿ ಕುಂಡಿಯೂರಿ ಬಿದ್ದ. ಅದು ಪ್ರಹಸನದಲ್ಲಿ ಇರಲಿಲ್ಲ, ಆದರೆ ಅದಕ್ಕೇ ಅತಿ ಹೆಚ್ಚು ಚಪ್ಪಾಳೆ ಬಿತ್ತು.

ಎಲ್ಲ ಮುಗಿದ ಮೇಲೆ ಮಂತ್ರಿ ಕಣ್ಣೀರು ಒರೆಸಿಕೊಂಡು ಮೇಯರನ್ನು ಕರೆದಳು. "ಕೋಲ್ಬೇನ್, ಕಾರ್ಖಾನೆ ವಿಷಯ ಮಾತಾಡೋಣ. ರೊಟ್ಟಿ ಹೋದ್ರೇನು, ಪೆಟ್ಟಿಗೆ ಕರಗಿದ್ದು ನಿಜ ತಾನೇ? ಆದ್ರೆ ಮುಂದಿನ ವರ್ಷವೂ ನನ್ನ ಕರೀಬೇಕು. ಬೆಣ್ಣೆ ನಾನೇ ತರ್ತೀನಿ."

ಸೋಮವಾರ ಹಾಲ್ದೋರಾಳ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಟ್ರಿಗ್ವಿ. ಮುಖದ ಬಲಗಡೆ ದಪ್ಪ ಮೀಸೆ, ಎಡಗಡೆ ಮಗುವಿನ ಕೆನ್ನೆಯಂತೆ ನುಣುಪು. ಹಾಲ್ದೋರಾ ಒಂದು ಕ್ಷಣ ನೋಡಿ ಬಾಗಿಲು ಹಾಕಿದಳು. ಗಂಟೆ ಮತ್ತೆ ಸದ್ದು ಮಾಡಿತು.

"ನೋಡಿದೆಯಲ್ಲ?" ಎಂದ ಟ್ರಿಗ್ವಿ.

"ನೋಡಿದೆ."

"ಎಡಗಡೇದು. ಆಡೋವಾಗ ಮತ್ತೆ ತಪ್ಪು ಮಾಡಬೇಡ."

"ಆಯ್ತು, ಹೋಗೋ ಮಾರಾಯ."

ಅವನು ಸಿಳ್ಳೆ ಹಾಕುತ್ತ ಗಾಡಿಯ ಕಡೆ ನಡೆದ, ಅವಳ ಅಂಚೆಯನ್ನು ಕಂಕುಳಲ್ಲಿ ಹಾಗೇ ಇಟ್ಟುಕೊಂಡು. ಹಾಲ್ದೋರಾ ಕಿಟಕಿಯಿಂದ ಅದನ್ನು ನೋಡಿದಳು, ಕೂಗಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ವರ್ಷ ಈಗಷ್ಟೇ ಶುರುವಾಗಿತ್ತು.